ಹಿರೇ ಅಳಿಯನ ಹುದ್ದೆ

ಬಾಗಲಕೋಟೆಯ ಸಿಮೆಂಟ್ ವ್ಯಾಪಾರಿ ಹೊಳಬಸಪ್ಪನವರಿಗೆ ಇಬ್ಬರು ಅಳಿಯಂದಿರು. ಒಬ್ಬರು ಮನೆಗೆ ಬಂದವರಿಗೆಲ್ಲ ತೋರಿಸಲಿಕ್ಕೆ, ಇನ್ನೊಬ್ಬರು ಬಂದವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಲಿಕ್ಕೆ. ತೋರಿಸುವ ಅಳಿಯ ವಿರೂಪಾಕ್ಷ, ಬ್ಯಾಂಕಿನಲ್ಲಿ ಆಫೀಸರು. ಮುಚ್ಚಿಡುವ ಅಳಿಯ ಅಮಾತೆಪ್ಪ, ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರು.

ಅಮಾತೆಪ್ಪನನ್ನು ಯಾರೂ ಹೊಳಬಸಪ್ಪನವರ ತಲೆಗೆ ಕಟ್ಟಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವರು ಕೆರೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡು ಬೆಲ್ಲದ ಮೇಲಿನ ನೊಣ ಓಡಿಸುತ್ತಿದ್ದಾಗ, ಹಿರಿಯ ಮಗಳು ಬಸಲಿಂಗವ್ವನಿಗಾಗಿ ತಾವೇ ಹುಡುಕಿ ತಂದ ವರ. ಸರ್ಕಾರಿ ನೌಕರ ಸಿಕ್ಕನೆಂಬ ಸಂತೋಷಕ್ಕೆ ಆಗ ದೇವರಿಗೆ ಅಭಿಷೇಕವನ್ನೂ ಮಾಡಿಸಿದ್ದರು. ಆಮೇಲೆ ಸಿಮೆಂಟಿನ ಕಾಲ ಬಂತು. ಜನ ಒಂದೊಂದು ಚೀಲಕ್ಕೂ ಪಾಳಿ ಹಚ್ಚುವ ದಿನಗಳಲ್ಲಿ ಏಜೆನ್ಸಿ ಹೊಳಬಸಪ್ಪನವರ ಕೈಗೆ ಸಿಕ್ಕಿತು. ಅಂಗಡಿ ಬಾಗಲಕೋಟೆಗೆ ಬಂತು, ಮನೆಗೆ ಮಹಡಿ ಬಂತು, ಪಡಸಾಲೆಗೆ ಸೋಫಾ ಬಂತು. ಸೋಫಾ ಬಂದ ದಿನದಿಂದ ಅಮಾತೆಪ್ಪನಿಗೆ ಆ ಮನೆಯಲ್ಲಿ ಕೂರಲು ಜಾಗವಿಲ್ಲದಂತಾಯಿತು.

"ಅಳಿಯಾರ, ಹೊರಗ ಗಾಳಿ ಚಂದ ಬರ್ತೈತಿ, ಅಲ್ಲೇ ಕಟ್ಟಿ ಮ್ಯಾಲ ಕುಂಡ್ರಿ," ಎನ್ನುತ್ತಿದ್ದರು ಅತ್ತೆ ಗುರುಸಿದ್ದವ್ವ. ಆ ಕಟ್ಟೆಯ ಮೇಲೆ ಸಿಮೆಂಟ್ ಹೊರುವ ಹಮಾಲರೂ ಕೂರುತ್ತಿದ್ದರು. ವಿರೂಪಾಕ್ಷನಿಗೆ ಒಳಗೆ ಕಪ್ಪು-ಬಶಿಯಲ್ಲಿ ಚಹಾ, ಅಮಾತೆಪ್ಪನಿಗೆ ಹೊರಗೆ ಸ್ಟೀಲ್ ಲೋಟದಲ್ಲಿ. ಗಾಳಿ ಮಾತ್ರ, ಗುರುಸಿದ್ದವ್ವ ಹೇಳಿದಂತೆ, ಚೆನ್ನಾಗಿಯೇ ಬರುತ್ತಿತ್ತು.

ಅಮಾತೆಪ್ಪ ಇದನ್ನೆಲ್ಲ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡವನಲ್ಲ. ದಿನವಿಡೀ ನಿಂತೇ ಕೆಲಸ ಮಾಡುವವನಿಗೆ ಕೂರಲು ಕಟ್ಟೆ ಸಿಕ್ಕರೂ ಸುಖವೇ. ಹಚ್ಚಿಕೊಂಡವಳು ಬಸಲಿಂಗವ್ವ. ತಂಗಿಯ ಮದುವೆಯಲ್ಲಿ ಹಿರಿಯ ಮಗಳಾದ ಆಕೆ ಮುಂದೆ ನಿಂತು ಆರತಿ ಮಾಡಬೇಕಿತ್ತು. ಅಂದು ಆಕೆಯನ್ನು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಬುಂದೇಲಾಡು ಕಾಯಲು ಕೂರಿಸಿದ್ದರು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಹೊಳಬಸಪ್ಪನವರ ಒಬ್ಬನೇ ಮಗ ಮುರಿಗೆಪ್ಪನಿಗೆ ಇಳಕಲ್ಲಿನ ಸೀರೆ ವ್ಯಾಪಾರಿ ಅಮರಪ್ಪನವರ ಮಗಳು ಒಪ್ಪಿಗೆಯಾದಳು. ದೊಡ್ಡ ಮನೆತನ. ನಿಶ್ಚಯಕ್ಕೆ ಮುಂಚೆ ಅಮರಪ್ಪನವರು, ಹುಡುಗನ ಕುಟುಂಬದಲ್ಲಿ ಯಾರು ಯಾರು ಏನೇನು ಉದ್ಯೋಗದಲ್ಲಿದ್ದಾರೆ ತಿಳಿಸಬೇಕು ಎಂದು ಕಾಗದ ಬರೆದರು. ಉತ್ತರ ಬರೆಯಲು ವಿರೂಪಾಕ್ಷನನ್ನು ಕೂರಿಸಲಾಯಿತು. ಅವನ ಹುದ್ದೆಗೆ ಅರ್ಧ ಪುಟ ಹಿಡಿಯಿತು. ಅಮಾತೆಪ್ಪನ ಹೆಸರು ಬಂದಾಗ ಪೆನ್ನು ನಿಂತಿತು. ಕೊನೆಗೆ ಮಾವ ಅಳಿಯ ಕೂಡಿ ಒಂದು ವಾಕ್ಯ ಕಟ್ಟಿದರು: 'ಹಿರಿಯ ಅಳಿಯಂದಿರು ಸಾರಿಗೆ ಇಲಾಖೆಯಲ್ಲಿ ಸಂಚಾರ ಅಧಿಕಾರಿಗಳಾಗಿದ್ದು, ಸದಾ ಪ್ರವಾಸದಲ್ಲಿರುತ್ತಾರೆ.'

"ಇದರಾಗ ಸುಳ್ಳು ಅಂದ್ರ ಒಂದ ಶಬ್ದ ಐತ್ರಿ ಮಾವಾರ," ಎಂದ ವಿರೂಪಾಕ್ಷ. "ಉಳಿದದ್ದೆಲ್ಲಾ ಖರೆ."

ಹೊಳಬಸಪ್ಪನವರು ಕೆಳಗೆ ಸಹಿ ಹಾಕಿದರು. ಸದಾ ಪ್ರವಾಸದಲ್ಲಿರುವ ಅಳಿಯ ನಿಶ್ಚಯಕ್ಕೆ ಬರದಿದ್ದರೆ ಯಾರೂ ಕೇಳುವುದಿಲ್ಲವೆಂಬುದು ಅವರ ಲೆಕ್ಕ. ಎಂಟು ದಿನಕ್ಕೆ ಮರುಟಪಾಲು ಬಂತು: 'ಸಂಚಾರ ಅಧಿಕಾರಿಗಳನ್ನು ಕಾಣಲು ನಮ್ಮ ಮನೆಮಂದಿ ಕಾತರರಾಗಿದ್ದಾರೆ. ಅವರ ಪ್ರವಾಸ ನೋಡಿಕೊಂಡೇ ದಿನ ಗೊತ್ತು ಮಾಡೋಣ. ಅವರಿಲ್ಲದೆ ಕಾರ್ಯ ನಡೆಯದು.'

ಹೊಳಬಸಪ್ಪನವರು ಆ ರಾತ್ರಿ ಊಟ ಮಾಡಲಿಲ್ಲವೆಂದು ಗುರುಸಿದ್ದವ್ವ ಹೇಳುತ್ತಾರೆ.

ಮರುದಿನ ಮುಂಜಾನೆ ಕಿಲ್ಲಾ ಓಣಿಯಲ್ಲಿ ಅಮಾತೆಪ್ಪನ ಬಾಡಿಗೆ ಮನೆಯ ಮುಂದೆ ಹೊಳಬಸಪ್ಪನವರ ಕಾರು ಬಂದು ನಿಂತಿತು. ಒಂಬತ್ತು ವರ್ಷದಲ್ಲಿ ಅವರು ಮಗಳ ಮನೆಗೆ ಬಂದದ್ದು ಅದೇ ಮೊದಲು. ಪಕ್ಕದ ಮನೆಯ ರಂಜಾನಬಿ ಕೈಯಲ್ಲಿದ್ದ ಕೊಡ ಅಲ್ಲೇ ಇಳಿಸಿ ಓಡಿಬಂದಳು.

"ಯವ್ವಾ ಬಸಲಿಂಗವ್ವಾ, ಯಾರಿಗರೆ ಜಡ್ಡ ಜೋರ ಆಗೇತೇನು? ನಿಮ್ಮಪ್ಪ ಬಂದಾರಲ್ಲ!"

"ಯಾರಿಗೂ ಏನೂ ಆಗಿಲ್ಲ," ಎಂದು ಹೊಳಬಸಪ್ಪನವರು ಸಿಡುಕಿ ಒಳಗೆ ಹೋದರು. ಅಮಾತೆಪ್ಪ ಆಗಷ್ಟೇ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಅಳಿಯಾರ, ಮುರಿಗೆಪ್ಪನ ನಿಶ್ಚಯಕ್ಕ ನೀವು ಬರಬೇಕ್ರಿ."

"ಬರ್ಲಾರದ ಇರ್ತೇನೇನ್ರಿ ಮಾವಾರ? ಅವತ್ತ ರಜಾ ಹಾಕ್ತೇನಿ."

"ಬರ್ರಿ. ಆದ್ರ ನೀವಾಗಿ ಬರಬ್ಯಾಡ್ರಿ."

ಅಮಾತೆಪ್ಪನಿಗೆ ತಿಳಿಯಲಿಲ್ಲ. ಹೊಳಬಸಪ್ಪನವರು ತಿಳಿಸಿ ಹೇಳಿದರು. ಖಾಕಿ ಬೇಡ, ವಿರೂಪಾಕ್ಷನ ಸಫಾರಿ ಸೂಟು ಹಾಕಬೇಕು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಬಾರದು. ಬೆರಳಿಗೆ ಉಗುಳು ಹಚ್ಚಿಕೊಂಡು ಯಾವ ಕಾಗದವನ್ನೂ ಎಣಿಸಬಾರದು. ಯಾರಾದರೂ ಏನಾದರೂ ಕೇಳಿದರೆ 'ನೋಡೋಣ' ಅನ್ನಬೇಕು. ಅಧಿಕಾರಿಗಳು ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಮುಖ್ಯವಾಗಿ, ಯಾವ ಕಾರಣಕ್ಕೂ 'ರೈಟ್' ಎನ್ನಬಾರದು.

ಕಾರು ಹೋದ ಮೇಲೆ ಅಮಾತೆಪ್ಪ ಸಫಾರಿ ಹಾಕಿ ನೋಡಿಕೊಂಡ. ವಿರೂಪಾಕ್ಷ ಸಣಕಲ. ಕೈ ಮುಂದೆ ಚಾಚಿದರೆ ಬೆನ್ನು ಬಿಗಿಯುತ್ತಿತ್ತು, ಬೆನ್ನು ಸಡಿಲ ಬಿಟ್ಟರೆ ಹೊಟ್ಟೆ ಹೊರಗೆ ಬರುತ್ತಿತ್ತು.

"ಅಪ್ಪಗ ನಿಮ್ಮ ಖಾಕಿ ಕಂಡ್ರ ನಾಚ್ಗಿ," ಎಂದಳು ಬಸಲಿಂಗವ್ವ ಒಲೆಯ ಕಡೆಯಿಂದ ತಿರುಗಿ. "ನನಗ ಈ ಸಫಾರಿ ಕಂಡ್ರ ನಾಚ್ಗಿ ಬರಾಕತ್ತೈತಿ."

"ಒಂದ ದಿನದ ಮಾತು. ನಿನ್ನ ತಮ್ಮನ ಕಾರ್ಯ. ಈ ಸಲಾನರೆ ನೀ ಮುಂದ ನಿಂತು ಆರತಿ ಮಾಡಬೇಕೋ ಬ್ಯಾಡೋ?"

ಬಸಲಿಂಗವ್ವ ಒಲೆಯ ಉರಿ ಸಣ್ಣದು ಮಾಡಿದಳು. "ಈ ಸಲಾನೂ ನಮ್ಮನ್ನ ಮೂಲ್ಯಾಗ ಕುಂದ್ರಿಸಿದ್ರ, ನಾ ಮತ್ತ ಆ ಮನಿ ಹೊಸ್ತಲಾ ತುಳಿಯಂಗಿಲ್ಲ ನೋಡ್ರಿ," ಎಂದಳು. ಆಕೆ ಹೇಳಿದ್ದನ್ನು ಮಾಡುವ ಹೆಂಗಸು. ಅಮಾತೆಪ್ಪ ಹೊಟ್ಟೆ ಒಳಗೆಳೆದುಕೊಂಡು ಗುಂಡಿ ಹಾಕಿದ.

ನಿಶ್ಚಯದ ದಿನ ಬೆಳಿಗ್ಗೆ ಹುಡುಗಿಯ ಸೋದರಮಾವ ಅಡಿವೆಪ್ಪ ಡ್ರೈವರನ ಸಮೇತ ತನ್ನ ಮೆಟಡಾರ್ ವ್ಯಾನು ತಂದ. ಅಂದೇ ಹೊಳಬಸಪ್ಪನವರ ಕಾರು ಕೆಟ್ಟಿದ್ದರಿಂದ ಎಲ್ಲರೂ ಅದರಲ್ಲೇ ಹೋಗುವುದೆಂದಾಯಿತು. ಅಡಿವೆಪ್ಪ ಅಮಾತೆಪ್ಪನನ್ನು ನೋಡಿದವನೇ ಎರಡೂ ಕೈ ಮುಗಿದು, ಮುಂದಿನ ಸೀಟನ್ನು ತನ್ನ ರುಮಾಲಿನಿಂದ ಒರೆಸಿ, "ಸಾಹೇಬ್ರ, ಇಲ್ಲಿ ಬರ್ರಿ," ಎಂದ. ಹೊಳಬಸಪ್ಪ ದಂಪತಿಗಳು, ಮುರಿಗೆಪ್ಪ, ಬಸಲಿಂಗವ್ವ ನಡುವಿನ ಸೀಟಿನಲ್ಲಿ ಹೂವು ಹಣ್ಣಿನ ಬುಟ್ಟಿಗಳ ಜೊತೆಗೆ ಕೂತರು. ಬಾಣಂತಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ವಿರೂಪಾಕ್ಷನಿಗೆ ಹಿಂದೆ ತೆಂಗಿನಕಾಯಿ ಚೀಲದ ಪಕ್ಕ ಜಾಗ ಸಿಕ್ಕಿತು. ಅರ್ಧ ಪುಟದ ತನ್ನ ಹುದ್ದೆಯನ್ನು ಇಳಕಲ್ಲಿನವರು ಓದಿಯೇ ಇಲ್ಲವೇನೋ ಎಂದು ಅವನಿಗೆ ಅನುಮಾನ ಬಂತು.

ಹೊಳಬಸಪ್ಪನವರು ಒಂದು ವಿಷಯ ಮರೆತಿದ್ದರು. ಹನ್ನೊಂದು ವರ್ಷ ದಿನಕ್ಕೆರಡು ಸಲ ಅದೇ ರಸ್ತೆಯಲ್ಲಿ ಓಡಾಡಿದ ಮನುಷ್ಯನಿಗೆ ಸಫಾರಿ ಹಾಕಿಸಬಹುದು, ರಸ್ತೆಗೆ ಕಣ್ಣು ಕಟ್ಟಲಾಗದು.

ಶಿರೂರಿನಲ್ಲಿ ವ್ಯಾನು ನಿಧಾನವಾಗುತ್ತಲೇ ಪೇರಲಹಣ್ಣು ಮಾರುವ ಗುಲಾಬಬಿ ಕಿಟಕಿಗೆ ಬಂದಳು. "ಏ ಕಂಡಕ್ಟ್ರ, ಇವತ್ತ ಯಾವ ಗಾಡಿ ಇದು? ಮದಿಮಗ ಆಗೀರೇನು ಮತ್ತ?"

ಅಡಿವೆಪ್ಪ ಹುಬ್ಬು ಗಂಟಿಕ್ಕಿದ. "ಈಕಿ ಸಾಹೇಬ್ರಿಗೆ ಕಂಡಕ್ಟರ್ ಅಂತಾಳಲ್ರಿ?"

"ಮಂದಿಗೇನು ತಿಳೀತೈತ್ರಿ," ಎಂದರು ಹಿಂದಿನಿಂದ ಹೊಳಬಸಪ್ಪನವರು. "ಬಸ್ಸಿನವರೆಲ್ಲಾ ಆಕಿಗೆ ಕಂಡಕ್ಟರ."

ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದರು. ಹೋಟೆಲಿನವನು ಯಾರೂ ಹೇಳದೆಯೇ ಒಂದು ಚಹಾ ತಂದು ಅಮಾತೆಪ್ಪನ ಕೈಗಿಟ್ಟು, "ಕಂಡಕ್ಟ್ರ ಚಾ, ಡಬಲ್ ಸಕ್ಕರಿ," ಎಂದು ಹೇಳಿ ಹೋದ. ಅಂಗಡಿಯ ಕಟ್ಟೆಯಿಂದ ಒಬ್ಬ, ನಿನ್ನೆ ಬಸ್ಸಿನಲ್ಲಿ ಬಿಟ್ಟ ತನ್ನ ಛತ್ರಿ ಸಿಕ್ಕಿತೇ ಎಂದು ಕೂಗಿ ಕೇಳಿದ. ಅಮಾತೆಪ್ಪ ಮಾವನವರು ಕಲಿಸಿದಂತೆ, "ನೋಡೋಣ," ಎಂದ.

ಈಗ ಅಡಿವೆಪ್ಪನ ಮುಖ ನೇರವಾಗಿ ಹೊಳಬಸಪ್ಪನವರ ಕಡೆ ತಿರುಗಿತು. ಸಿಮೆಂಟ್ ವ್ಯಾಪಾರದಲ್ಲಿ ಅವರು ಕಲಿತದ್ದು ಒಂದೇ: ಸಂಶಯ ಬಂದಲ್ಲಿ ಇನ್ನಷ್ಟು ಸಿಮೆಂಟು ಸುರಿಯುವುದು. ಅಡಿವೆಪ್ಪನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರು.

"ಯಾರ ಮುಂದೂ ಅನ್ನಬ್ಯಾಡ್ರಿ. ಗುಪ್ತ ತಪಾಸಣಿ. ಸಾಹೇಬ್ರು ಖಾಕಿ ಹಾಕ್ಕೊಂಡು, ಚೀಲ ಹೆಗಲಿಗೆ ಹಾಕ್ಕೊಂಡು, ಕಂಡಕ್ಟರ್ ವೇಷದಾಗ ತಿರಗತಾರ. ಟಿಕೀಟ್ ಸೈತ ಹರೀತಾರ. ಯಾರಿಗೂ ಗುರ್ತ ಹತ್ತಂಗಿಲ್ಲ."

"ಎಷ್ಟ ದಿನದಿಂದ್ರಿ?"

"ಹನ್ನೊಂದು ವರ್ಷ ಆತ್ರಿ."

ಅಡಿವೆಪ್ಪನ ಕಣ್ಣು ತುಂಬಿ ಬಂತು. ಸರ್ಕಾರದಲ್ಲಿ ಇಂಥ ನಿಷ್ಠಾವಂತರೂ ಇದ್ದಾರೆಯೇ! ಹುನಗುಂದದ ಸಂತೆ ಗದ್ದಲದಲ್ಲಿ ಒಂದು ಎಮ್ಮೆ ವ್ಯಾನಿಗೆ ಅಡ್ಡ ಬಂದು, ಅಮಾತೆಪ್ಪ ತನಗರಿವಿಲ್ಲದೆ "ಹೋಲ್ಡಾನ್!" ಎಂದು ಕೂಗಿ, ಎಮ್ಮೆ ದಾಟಿದ ಮೇಲೆ ಬಾಗಿಲಿಗೆ ಎರಡು ಸಲ ಬಡಿದು "ರೈಟ್!" ಎಂದಾಗಲೂ ಅಡಿವೆಪ್ಪನಿಗೆ ಸಂಶಯ ಬರಲಿಲ್ಲ. "ವೇಷ ಮೈಯಾಗ ಹೊಕ್ಕುಬಿಟ್ಟೈತಿ ನೋಡ್ರಿ," ಎಂದು ಪಕ್ಕದಲ್ಲಿದ್ದ ಡ್ರೈವರನಿಗೆ ಪಿಸುಗುಟ್ಟಿದ.

ಇಳಕಲ್ಲಿನಲ್ಲಿ ಅಮರಪ್ಪನವರ ಮನೆಯ ಮುಂದೆ ಚಪ್ಪರ ಹಾಕಿತ್ತು. ಅಮಾತೆಪ್ಪನಿಗೆ ಪಡಸಾಲೆಯ ನಡುವೆ ಕೈಯಿರುವ ದೊಡ್ಡ ಕುರ್ಚಿ ಕೊಟ್ಟರು. ಬಸಲಿಂಗವ್ವನನ್ನು ಒಳಗೆ ಹೆಂಗಸರು ಕೈಹಿಡಿದು ಕರೆದೊಯ್ದರು. ಗುಪ್ತ ಮಾತನ್ನು ಅಡಿವೆಪ್ಪ ಹತ್ತೇ ಮಂದಿಗೆ ಹೇಳಿದ. ಆ ಹತ್ತು ಮಂದಿಗೂ ಅವರವರ ಹತ್ತು ಮಂದಿ ಇದ್ದರು. ಅರ್ಧ ತಾಸಿನಲ್ಲಿ ಕುರ್ಚಿಯ ಸುತ್ತ ಜನ ನೆರೆದರು.

ಮೊದಲು ಬಂದವರು ರಾಮಥಾಳದ ಒಬ್ಬ ಹಿರಿಯರು. "ಸಾಹೇಬ್ರ, ಬಸ್ಸು ನಮ್ಮೂರೊಳಗ ಬರಂಗಿಲ್ಲ, ಕ್ರಾಸಿಗೇ ಇಳಿಸ್ತಾರ."

ಅಮಾತೆಪ್ಪ 'ನೋಡೋಣ' ಎನ್ನಬೇಕಿತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಅವನಿಗೆ ಅಭ್ಯಾಸವಿರಲಿಲ್ಲ. "ಅಜ್ಜಾರ, ನಿಮ್ಮೂರ ಅಗಸಿ ಬಾಗಲದಾಗ ಎರಡು ಚಕ್ಕಡಿ ನಿಂದ್ರಸ್ತೀರಿ, ಗಾಡಿ ತಿರಗಾಕ ಜಾಗ ಎಲ್ಲೈತಿ? ಆ ಚಕ್ಕಡಿ ತಗೀರಿ, ಡ್ರೈವರ್ ತಾನ ಒಳಗ ಬರ್ತಾನ."

ಮುದುಕರು ಬೆರಗಾದರು. ಹಿಂದೆಯೇ ಗುಡೂರಿನ ಮಾಸ್ತರರು, ಮುಂಜಾನೆಯ ಬಸ್ಸು ಶಾಲೆಯ ಗಂಟೆ ಹೊಡೆದ ಮೇಲೆ ಬರುತ್ತದೆ ಎಂದು ದೂರಿದರು. ಆ ಬಸ್ಸು ಎಲ್ಲಿ ಎಷ್ಟು ಹೊತ್ತು ಯಾತಕ್ಕೆ ನಿಲ್ಲುತ್ತದೆ, ಯಾವ ಹಳ್ಳದ ಹತ್ತಿರ ನಿಧಾನವಾಗುತ್ತದೆ, ಮಾಸ್ತರರು ಸ್ವತಃ ಎಷ್ಟು ದಿನ ಅದನ್ನು ಕಾಯಿಸಿದ್ದಾರೆ ಎಂಬುದನ್ನೆಲ್ಲ ಅಮಾತೆಪ್ಪ ಬಿಡಿಸಿ ಹೇಳಿದ. ನೆರೆದವರು ಮುಖ ಮುಖ ನೋಡಿಕೊಂಡರು. ಅರ್ಜಿಗೆ ಅಲ್ಲೇ ಉತ್ತರ ಕೊಡುವ ಅಧಿಕಾರಿಯನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ವೇಷದ ಕಥೆಯ ಬಗ್ಗೆ ಅಲ್ಲಿ ಇಲ್ಲಿ ಉಳಿದಿದ್ದ ಅನುಮಾನವೂ ಅಳಿಯಿತು.

ಇಷ್ಟಾದರೆ ಹೊಳಬಸಪ್ಪನವರು ಗೆದ್ದಂತೆಯೇ ಇತ್ತು. ಆದರೆ ಬಸ್ ಸ್ಟ್ಯಾಂಡು ಅಮರಪ್ಪನವರ ಮನೆಯಿಂದ ದೂರವೇನಿಲ್ಲ. ಅಡಿವೆಪ್ಪ ವ್ಯಾನಿಗೆ ಗಾಳಿ ತುಂಬಿಸಲು ಹೋದಾಗ ಅಲ್ಲಿಗೂ ಸುದ್ದಿ ಮುಟ್ಟಿಸಿ ಬಂದಿದ್ದ. ದೊಡ್ಡ ಸಾಹೇಬರು ಗುಪ್ತ ತಪಾಸಣೆಗೆ ಊರಿಗೆ ಬಂದಿದ್ದಾರೆ ಎಂದಕೂಡಲೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮುರ್ತುಜಸಾಬ ಕುರ್ಚಿಯಿಂದ ಎದ್ದ. ಅವನು ಒಳ್ಳೆಯ ಮನುಷ್ಯ. ದೂರದಿಂದ ಓಡಿ ಬರುವ ಮುದುಕಿಗೂ ಬಸ್ಸು ನಿಲ್ಲಿಸಿ ಕೊಡುವಂಥವನು. ಆ ದಿನ ಮಾತ್ರ ಗಡಿಯಾರ ಕೈಯಲ್ಲಿ ಹಿಡಿದು ನಿಂತ. ಗುಡೂರಿಗೆ ಹೋಗಿ ಬರುವ ಬಸ್ಸು, ದಾರಿಯಲ್ಲಿ ಯಾರಿಗೂ ಕಾಯಬಾರದೆಂಬ ಅಪ್ಪಣೆಯೊಂದಿಗೆ, ಸರಿಯಾದ ವೇಳೆಗೆ ಹೊರಟಿತು. ಜನ ತಬ್ಬಿಬ್ಬಾದರು. ದಿನಾ ಹಿಡಿಯುವ ಬಸ್ಸು ವೇಳೆಗೆ ಸರಿಯಾಗಿ ಹೊರಟರೆ ಯಾರು ಹಿಡಿಯಬೇಕು? ಎಲೆ ಅಡಿಕೆ ಕೊಳ್ಳುತ್ತ ನಿಂತವರು ಎಲೆ ಹಿಡಿದುಕೊಂಡೇ ಹಿಂದೆ ಓಡಿದರು.

ಆ ಬಸ್ಸು ಗುಡೂರಿನಿಂದ ಮರಳಿ ಬರುವಾಗ ಅದರಲ್ಲಿ ಇರಬೇಕಾದವರು ನಿಶ್ಚಯ ನಡೆಸಿಕೊಡುವ ಸಂಗಯ್ಯನವರು. ಅವರ ಮನೆಯ ಮುಂದೆ ಬಸ್ಸು ನಿಂತು ಹಾರ್ನ್ ಹೊಡೆಯುವುದು, ಅವರು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಸಾವಕಾಶವಾಗಿ ಬಂದು ಹತ್ತುವುದು ವರ್ಷಗಳ ಪದ್ಧತಿ. ಅಂದು ಅವರು ತಲೆಗೆ ನೀರು ಹಾಕಿಕೊಳ್ಳುತ್ತಿರುವಾಗಲೇ ಕಂಡಕ್ಟರು 'ಸಾಹೇಬ್ರ ತಪಾಸಣಿ ಐತ್ರಿ' ಎಂದು ಕೂಗಿದ, ಬಸ್ಸು ಹಾದುಹೋಯಿತು.

ಇಳಕಲ್ಲಿನಲ್ಲಿ ವೇಳೆ ಮೀರುತ್ತ ಬಂತು. ಅಯ್ಯನವರಿಲ್ಲ. ಅಮರಪ್ಪನವರು ಬಾಗಿಲಿಗೂ ಬೀದಿಗೂ ತಿರುಗಾಡಿದರು. ಊಟದ ಹೊತ್ತಿಗೆ ಶೇಂಗಾ ಚೀಲ ಹೇರಿದ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಚೀಲದ ಮೇಲಿನಿಂದ ಸಂಗಯ್ಯನವರು ಇಳಿದರು. ಹಣೆಯ ವಿಭೂತಿ ಯಾವುದು, ರಸ್ತೆಯ ಧೂಳು ಯಾವುದು ತಿಳಿಯದಂತಿತ್ತು.

"ಯಾವನವ ಸಾಹೇಬ?" ಎಂದು ಅವರು ಗುಡುಗಿದರು. "ನನ್ನ ಬಿಟ್ಟು ಹೋಗಂತ ಹೇಳಿದಾವ ಯಾವ? ತೋರಿಸ್ರಿ ನನಗ!"

ಅದೇ ಗಳಿಗೆಗೆ ಮುರ್ತುಜಸಾಬ ಕೈಯಲ್ಲಿ ಹೂವಿನ ಹಾರ, ಬಗಲಲ್ಲಿ ಹಾಜರಿ ಪುಸ್ತಕ ಹಿಡಿದು ಬೆವರುತ್ತ ಒಳಗೆ ಬಂದ. ಕಂಟ್ರೋಲರನನ್ನು ಕಂಡರೆ ಎದ್ದು ನಿಲ್ಲುವುದು ಅಮಾತೆಪ್ಪನಿಗೆ ಹನ್ನೊಂದು ವರ್ಷದ ರೂಢಿ. ಥಟ್ಟನೆ ಎದ್ದ. ಸಫಾರಿಯ ಬೆನ್ನು ಕುತ್ತಿಗೆಯಿಂದ ಸೊಂಟದ ತನಕ ಪರ್‍ರನೆ ಹರಿಯಿತು.

"ಲೇ ಅಮಾತೆಪ್ಪಾ!" ಎಂದ ಮುರ್ತುಜಸಾಬ ಜೀವ ಬಂದವನಂತೆ. "ಪುಣ್ಯಾ, ನೀನರೆ ಸಿಕ್ಕಿ. ಸಾಹೇಬ್ರು ಎಲ್ಲದಾರಲೇ? ಸಿಟ್ಟಿನ್ಯಾಗ ಅದಾರೋ, ಶಾಂತ ಅದಾರೋ? ಯಾಕಲೇ, ಅವರ ಕುರ್ಚಿ ಮ್ಯಾಲ ನೀ ಕುಂತಿ?"

ಅಮಾತೆಪ್ಪ ತಲೆ ತಗ್ಗಿಸಿದ. ಮುರ್ತುಜಸಾಬ ಅವನ ಹರಿದ ಬೆನ್ನು, ಸುತ್ತಲಿನ ಮುಖಗಳು, ತನ್ನ ಕೈಯ ಹಾರ ಮೂರನ್ನೂ ನೋಡಿದ. ಏನೋ ತಿಳಿದಂತಾಗಿ ಹಾರವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಬೀಗರ," ಎಂದರು ಅಮರಪ್ಪನವರು, ದನಿ ಸಣ್ಣದು ಮಾಡಿ. "ಇವರು ಕಂಡಕ್ಟರೋ, ಅಧಿಕಾರಿಗಳೋ?"

ಹೊಳಬಸಪ್ಪನವರು ಒಂದು ಗಳಿಗೆ ತಮ್ಮ ಮಗನನ್ನು ನೋಡಿದರು, ಚಪ್ಪರ ನೋಡಿದರು. ಆಮೇಲೆ ಅಳಿಯನ ಕಡೆ ಬೆರಳು ಮಾಡಿದರು.

"ನಮಗೂ ಈಗ ಗೊತ್ತಾತು ನೋಡ್ರಿ! ಇವರು ನಮ್ಮ ಮುಂದೂ ಅಧಿಕಾರಿ ಅಂತನ ಹೇಳಿದ್ರು. ಎಂಥಾ ಮೋಸ!"

ಕಟ್ಟೆಯ ಮೇಲೆ ಕೂರಿಸಿದಾಗ, ಸ್ಟೀಲ್ ಲೋಟ ಕೊಟ್ಟಾಗ ಅಮಾತೆಪ್ಪನಿಗೆ ನೋವಾಗಿರಲಿಲ್ಲ. ಈಗ ಆಯಿತು. ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯಲ್ಲಿ ಬಾಸಿಂಗದ ಕನಸಿನಿಂದ ಎದ್ದವನಂತೆ ಬಿಳಿಚಿಕೊಂಡು ನಿಂತಿದ್ದ ಮುರಿಗೆಪ್ಪ ಕಣ್ಣಿಗೆ ಬಿದ್ದ. ಅಮಾತೆಪ್ಪ ಅಮರಪ್ಪನವರ ಕಡೆ ತಿರುಗಿದ.

"ಹೌದ್ರಿ," ಎಂದ. "ತಪ್ಪು ನಂದ. ಇವರಿಗೇನೂ ಗೊತ್ತಿಲ್ಲ. ಹುಡುಗ ಒಳ್ಳೆವ ಅದಾನ, ನನ್ನ ಸಲುವಾಗಿ ಕಾರ್ಯ ನಿಂದ್ರಸಬ್ಯಾಡ್ರಿ."

"ಯಾರಿಗೆ ಗೊತ್ತಿಲ್ಲ?"

ಒಳಬಾಗಿಲಲ್ಲಿ ಬಸಲಿಂಗವ್ವ ನಿಂತಿದ್ದಳು. ಕೈಯಲ್ಲಿ ಆರತಿ ತಟ್ಟೆ. ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಆಕೆ ಅದನ್ನು ಕುರ್ಚಿಯ ಮೇಲಿಟ್ಟು ಅಮರಪ್ಪನವರ ಕಡೆ ತಿರುಗಿದಳು.

"ಕಾಕಾರ, ನಿಮಗೊಂದು ಕಾಗದ ಬಂದಿತ್ತಲ್ಲ, ಅದರ ಕೆಳಗ ಯಾರ ಸಹಿ ಐತಿ ನೋಡ್ರಿ."

ಅಮರಪ್ಪನವರು ನೋಡಬೇಕಾದ್ದೇನೂ ಇರಲಿಲ್ಲ. ಆ ಕಾಗದವನ್ನು ಅವರು ಊರಿಗೆಲ್ಲ ಓದಿ ತೋರಿಸಿದ್ದರು.

"ಬಸಲಿಂಗಿ, ಒಳಗ ಹೋಗು," ಎಂದರು ಗುರುಸಿದ್ದವ್ವ.

"ಹೋಗ್ತೇನಿ ಯವ್ವಾ. ಒಂದ ಮಾತು ಹೇಳಿ ಹೋಗ್ತೇನಿ. ನಾ ಕಂಡಕ್ಟರ್ ಹೇಣ್ತಿ. ಒಂಬತ್ತು ವರ್ಷ ಮುಂಜಾನಿ ಐದಕ್ಕ ಎದ್ದು ಇವರ ಬುತ್ತಿ ಕಟ್ಟೇನಿ. ಅದರಾಗ ನನಗೊಂದು ದಿನಾನೂ ನಾಚ್ಗಿ ಆಗಿಲ್ಲ. ಅಪ್ಪಾ, ನಿಮಗ ಇವರನ್ನ ಅಳಿಯ ಅನ್ನಾಕ ನಾಚ್ಗಿ ಆದ್ರ, ಮುಂದಿನ ಕಾಗದದಾಗ ನಮಗ ಒಬ್ಬಾಕೆ ಮಗಳು ಅಂತ ಬರದುಬಿಡ್ರಿ. ಅದು ಈ ಸುಳ್ಳಿಗಿಂತ ಚಲೋ." ಆಕೆ ಗಂಡನ ಕಡೆ ತಿರುಗಿದಳು. "ನಡೀರಿ, ಹೋಗೂಣು," ಎಂದು ಗಂಡನ ಹರಿದ ಬೆನ್ನಿಗೆ ತನ್ನ ಸೆರಗಿನ ತುದಿ ಅಡ್ಡ ಹಿಡಿದಳು.

ಅಮರಪ್ಪನವರ ಸಿಟ್ಟು ಈಗ ನೆತ್ತಿಗೇರಿತು.

"ಕಂಡಕ್ಟರ್ ಆದ್ರ ಏನಾಗಿತ್ರಿ? ಖರೆ ಬರದಿದ್ರ ನಾವೇನು ಬ್ಯಾಡ ಅಂತಿದ್ವಿ? ಸುಳ್ಳಿನ ಮನಿಗೆ ನಮ್ಮ ಹೆಣ್ಣು ಕೊಡಂಗಿಲ್ಲ. ಅಡಿವೆಪ್ಪಾ, ಗಾಡಿ ತಗಿ!"

"ಅಮರ್‍ಯಾ, ಭಾಳ ಹಾರ್‍ಯಾಡಬ್ಯಾಡ," ಎಂದು ಅಡುಗೆಮನೆಯ ಬಾಗಿಲಿನಿಂದ ಒಂದು ಒಣ ದನಿ ಬಂತು. ಅಮರಪ್ಪನವರ ತಾಯಿ ಹುಚ್ಚವ್ವ ಕೋಲೂರಿಕೊಂಡು ಹೊರಗೆ ಬಂದರು. ನೇರವಾಗಿ ಅಮಾತೆಪ್ಪನ ಮುಂದೆ ನಿಂತರು.

"ಗುರ್ತು ಹತ್ತೇನಪಾ?"

ಅಮಾತೆಪ್ಪ ದಿಟ್ಟಿಸಿ ನೋಡಿದ. "ಅರ್ಧ ಟಿಕೀಟಿನ ಅಮ್ಮ," ಎಂದ, ಬಾಯಿತಪ್ಪಿ.

"ಹೂಂ. ನೀ ಕೆಳಗ ಇಳದ ಕೂಡ್ಲೆ ನಂಗ ಗುರ್ತ ಹತ್ತಿತ್ತು. ಎಲ್ಲಿ ಬಾಯಿ ಬಿಡ್ತಾನೋ ಅಂತ ಒಳಗ ಅಡಗಿ ಕುಂತಿದ್ದೆ." ಮುದುಕಿ ಮಗನ ಕಡೆ ತಿರುಗಿದರು. "ಅಮರ್‍ಯಾ, ನಮ್ಮ ಹುಡುಗಿಗೆ ಎಷ್ಟು ವರ್ಷ ಅಂತ ಇವರಿಗೆ ಬರದಿ?"

ಅಮರಪ್ಪನವರು ಕೆಮ್ಮಿದರು. "ಈಗ್ಯಾಕಬೇ ಅದು..."

"ಹತ್ತೊಂಬತ್ತು ಅಂತ ಬರದಾನ," ಎಂದು ಹುಚ್ಚವ್ವ ಸಭೆಗೇ ಹೇಳಿದರು. "ಏಳು ವರ್ಷದ ಹಿಂದ ಆಕಿನ್ನ ಕರ್ಕೊಂಡು ಈತನ ಬಸ್ಸಿನ್ಯಾಗ ಹೊಂಟಿದ್ದೆ. ಹನ್ನೊಂದು ವರ್ಷ ಅಂತ ಹೇಳಿ, ಕಾಲು ಮಡಚಿ ಕುಂದ್ರಿಸಿ ಅರ್ಧ ಟಿಕೀಟು ಕೇಳಿದೆ. ಈತ ನನ್ನ ಕೇಳಲಿಲ್ಲ, ಆಕಿನ್ನ ಕೇಳಿದ, 'ಯಾವ ಇಯತ್ತೆವ್ವಾ?' ಅಂತ. ಅದು ಹುಚ್ಚಖೋಡಿ, 'ಮೆಟ್ರಿಕ್ ಪರೀಕ್ಷಾ ಬರದು ಬಂದೀನ್ರಿ' ಅಂತು!"

ಪಡಸಾಲೆಯಲ್ಲಿದ್ದವರೆಲ್ಲ ಮನಸ್ಸಿನಲ್ಲೇ ಕೂಡಿಸಿದರು. ಮೆಟ್ರಿಕ್ಕಿನ ಹದಿನಾರಕ್ಕೆ ಏಳು ಕೂಡಿಸಲು ಯಾರಿಗೂ ಪೆನ್ಸಿಲ್ ಬೇಕಾಗಲಿಲ್ಲ. ಒಳಕೋಣೆಯಿಂದ ಹುಡುಗಿಯ ನಗು ಕಿಸಕ್ಕೆಂದು ಕೇಳಿಸಿತು.

"ಪೂರಾ ಟಿಕೀಟ ಹರದಿದ್ದೆ ಅಮ್ಮಾರ," ಎಂದ ಅಮಾತೆಪ್ಪ.

"ಹರದಿ ಬಿಡು! ಹುನಗುಂದ ಬರೂತನಕ ನಿನ್ನ ಬೈದೇನಿ. ಈಗ ಹೇಳು ಅಮರ್‍ಯಾ, ಸುಳ್ಳಿನ ಮನಿ ಯಾವುದು? ಅವರು ಅಳಿಯನ್ನ ಏರಿಸ್ಯಾರ, ನೀ ಮಗಳನ್ನ ಇಳಿಸಿ. ಸರಿ ಹೋತು. ಅಯ್ಯನಾರ ಕೈಕಾಲಿಗೆ ನೀರು ಕೊಡ್ರಿ, ಹೊತ್ತು ಹೊಂಟೈತಿ."

ಎಲ್ಲರೂ ಮುರಿಗೆಪ್ಪನನ್ನು ನೋಡಿದರು. ಬೆಳಗಿನಿಂದ ತುಟಿ ಬಿಚ್ಚದವನು ಆಗ ಬಿಚ್ಚಿದ. "ನಂದೇನೂ ಅಡ್ಡಿಲ್ಲ," ಎಂದ. "ಆದ್ರ ಅಕ್ಕ ಮಾವ ಹೋದ್ರ ನಾನೂ ಅವರ ಕೂಡ ಹೋಗ್ತೇನಿ." ಅದೂ ಅವನ ಮಟ್ಟಿಗೆ ದೊಡ್ಡ ಭಾಷಣವೇ.

ಅಮರಪ್ಪನವರು ಕೊನೆಗೆ ತಾವೂ ನಕ್ಕರು. ಅಂಗಡಿಯಿಂದ ಒಂದು ಹೊಸ ಅಂಗಿ, ಧೋತರ ತರಿಸಿ ಅಮಾತೆಪ್ಪನಿಗೆ ಉಡಿಸಿದರು. ಸಂಗಯ್ಯನವರ ಸಿಟ್ಟು ಹೋಳಿಗೆ ಬರುವ ತನಕ ಇಳಿಯಲಿಲ್ಲ. ನಾಳೆಯಿಂದ ಬಸ್ಸು ಮೊದಲಿನಂತೆ ತಮ್ಮ ಮನೆಯ ಮುಂದೆ ನಿಲ್ಲುತ್ತದೆಂದು ಮುರ್ತುಜಸಾಬನಿಂದ ಭಾಷೆ ತೆಗೆದುಕೊಂಡೇ ಅಕ್ಷತೆ ಹಾಕಿದರು. ಬಸಲಿಂಗವ್ವ ಎಲ್ಲರ ಮುಂದೆ ನಿಂತು ಆರತಿ ಮಾಡಿದಳು. ಊಟದ ಪಂಕ್ತಿಯಲ್ಲಿ ಹುಚ್ಚವ್ವ ಅಮಾತೆಪ್ಪನನ್ನು ತಮ್ಮ ಎದುರಿಗೇ ಕೂರಿಸಿಕೊಂಡು, ಏಳು ವರ್ಷದ ಹಿಂದಿನ ಬೈಗುಳಗಳನ್ನು ಒಂದೂ ಬಿಡದೆ ಪುನಃ ಹೇಳುತ್ತ ತುಪ್ಪ ಬಡಿಸಿದರು.

ಒಬ್ಬರ ಸಿಟ್ಟು ಮಾತ್ರ ಇಳಿಯಲಿಲ್ಲ. ಅಡಿವೆಪ್ಪ ಒಬ್ಬ ಕಂಡಕ್ಟರನಿಗಾಗಿ ತನ್ನ ರುಮಾಲಿನಿಂದ ಸೀಟು ಒರೆಸಿದ್ದ. ಅದನ್ನು ಸಹಿಸಲಾರದೆ ಯಾರಿಗೂ ಹೇಳದೆ ಮೆಟಡಾರ್ ತೆಗೆದುಕೊಂಡು ಊರಿಗೆ ಹೊರಟುಹೋಗಿದ್ದ.

ಹೀಗಾಗಿ ಸಾಯಂಕಾಲ ಹೊಳಬಸಪ್ಪನವರ ಪರಿವಾರ ಬಸ್ ಸ್ಟ್ಯಾಂಡಿಗೆ ನಡೆದು ಬಂತು. ಬಾಗಲಕೋಟೆಯ ಬಸ್ಸು ತುಂಬಿ ತುಳುಕುತ್ತಿತ್ತು. ಬಾಗಿಲಲ್ಲಿ ನಿಂತ ಕಂಡಕ್ಟರು ಅಮಾತೆಪ್ಪನ ಗೆಳೆಯ. ಅವನನ್ನೂ ಬಸಲಿಂಗವ್ವನನ್ನೂ ಕೈಹಿಡಿದು ಮೇಲೆಳೆದುಕೊಂಡು ಎರಡು ಸೀಟು ಬಿಡಿಸಿಕೊಟ್ಟ. ಆಮೇಲೆ ಬಾಗಿಲಿಗೆ ತೋಳು ಅಡ್ಡ ಹಿಡಿದ.

"ಮುಗೀತು, ಜಾಗಿಲ್ಲ. ಮುಂದಿನ ಗಾಡಿಗೆ ಬರ್ರಿ."

ಕೆಳಗೆ ಹೊಳಬಸಪ್ಪನವರು, ಗುರುಸಿದ್ದವ್ವ, ಮುರಿಗೆಪ್ಪ, ಖಾಲಿ ಬುಟ್ಟಿಗಳನ್ನು ಹೊತ್ತ ವಿರೂಪಾಕ್ಷ ನಿಂತಿದ್ದರು. ಅದೇ ಕೊನೆಯ ಗಾಡಿಯೆಂದು ಅಮಾತೆಪ್ಪನಿಗೆ ಗೊತ್ತಿತ್ತು. ಗೆಳೆಯನಿಗೆ ಹೇಳಲು ಕಿಟಕಿಯಿಂದ ಬಗ್ಗಿದ. ಬಸಲಿಂಗವ್ವ ಅವನ ಮೊಣಕೈ ಹಿಡಿದಳು.

"ಸುಮ್ಕಿರ್ರಿ. ಅವರ ಹೇಳ್ಲಿ."

"ತಮ್ಮಾ," ಎಂದರು ಹೊಳಬಸಪ್ಪನವರು ಕೆಳಗಿನಿಂದ, "ನಾವು ಒಳಗಿದ್ದಾವ್ರ ಕಡಿಯವರು."

"ಯಾರ ಕಡಿಯವರ್ರಿ? ಒಳಗ ತೊಂಬತ್ತು ಮಂದಿ ಅದಾರ."

ಹೊಳಬಸಪ್ಪನವರು ಏನೋ ಗೊಣಗಿದರು.

"ಏನ್ರಿ? ಎಂಜಿನ್ ಸಪ್ಪಳದಾಗ ಕೇಳವಲ್ದು. ರೈಟ್ ಅನ್ಲೇನು?"

"ಅನ್ನಬ್ಯಾಡೋ ತಮ್ಮಾ!" ಹೊಳಬಸಪ್ಪನವರು ಬಾಗಿಲ ಕಂಬಿ ಹಿಡಿದುಕೊಂಡರು. "ನಾ ಅಮಾತೆಪ್ಪ ಕಂಡಕ್ಟ್ರ ಮಾವ ಅದೀನೋ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರು ತೋಳು ತೆಗೆದ.

"ಹಂಗಂತ ಮೊದ್ಲ ಹೇಳಬಾರ್ದೇನ್ರಿ? ಏ, ಸರೀರೆಪಾ, ನಮ್ಮ ಅಮಾತೆಪ್ಪನ ಮಾವಾರು ಬಂದಾರ, ಜಾಗಾ ಕೊಡ್ರಿ!"

ಜನ ಸರಿದರು. ಬಸಲಿಂಗವ್ವನ ಎದುರಿನ ಸೀಟಿನ ಅಂಚಿನಲ್ಲಿ ಅಂಗೈಯಷ್ಟು ಜಾಗ ಆಯಿತು. ಹೊಳಬಸಪ್ಪನವರು ಅದರ ಮೇಲೆ ಕೂತು ಬೆವರು ಒರೆಸಿಕೊಂಡರು. ಬಸ್ಸು ಸ್ಟ್ಯಾಂಡು ದಾಟಿ ಹುನಗುಂದದ ದಾರಿ ಹಿಡಿಯಿತು. ಆಮೇಲೆ ಬಸಲಿಂಗವ್ವ ಕಿಟಕಿಯಿಂದ ಮುಖ ತಿರುಗಿಸಿದಳು.

"ಅಪ್ಪಾ, ಬಾಗಲದಾಗ ನಿಂತು ಏನೋ ಅಂದ್ರಲ್ಲ, ಏನದು? ಗದ್ದಲದಾಗ ನನಗ ಸರಿಯಾಗಿ ಕೇಳಲಿಲ್ಲ."

ಹೊಳಬಸಪ್ಪನವರು ಮಗಳ ಮುಖ ನೋಡಿದರು. ಅಳಿಯನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು, ಈ ಸಲ ಹಿಂದಿನ ಸೀಟಿನವರಿಗೂ ಕೇಳುವಂತೆ, ಇನ್ನೊಮ್ಮೆ ಹೇಳಿದರು.